ಕೇಳೋಕೆ ನಾಚಿಕೆ ಯಾಕ್ರಿ?

ಮುದಗಲ್‌ನಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ನಾಚಿಕೆ.

ನಮ್ಮಪ್ಪಂದು ಕಿರಾಣಿ ಅಂಗಡಿ ಇತ್ತು. ಉದ್ರಿ ಕೊಡ್ತಿದ್ದ, ವಾಪಸ್ ಕೇಳ್ತಿರಲಿಲ್ಲ. "ಮುಖ ನೋಡಿ ಹೆಂಗ ಕೇಳೋದೋ?" ಅಂತಿದ್ದ. ನಾನು ಬಿ.ಕಾಂ. ಮುಗಿಸೋ ಹೊತ್ತಿಗೆ ಅಂಗಡಿ ಮುಚ್ಚಿತ್ತು, ಉದ್ರಿ ವಹಿ ಮಾತ್ರ ಉಳಿದಿತ್ತು.

ಅದೇ ರೋಗ ನನಗೂ ಬಂತು. ಆಡಿಯೋ ಎಡಿಟಿಂಗ್ ಮಾಡಿಕೊಟ್ಟ 8,000 ರೂಪಾಯಿ ಐದು ತಿಂಗಳಾದ್ರೂ ಬರಲಿಲ್ಲ. ಮೆಸೇಜ್ ಟೈಪ್ ಮಾಡೋದು, ಅಳಿಸೋದು. ಆ ತಿಂಗಳು ಅವ್ವನ ಬಿ.ಪಿ. ಗುಳಿಗೆ ತಂಗಿಯ ಸ್ಕಾಲರ್‌ಶಿಪ್ ದುಡ್ಡಲ್ಲಿ ಬಂತು.

ಆಗ ಓದಿದ್ದು ಝೀನೋನ ಕಥೆ. ಸುಮಾರು 2,300 ವರ್ಷದ ಹಿಂದೆ ಹಡಗು ಮುಳುಗಿ ಅಥೆನ್ಸಿಗೆ ಬಂದ ವ್ಯಾಪಾರಿ, ಮುಂದೆ ಸ್ಟೋಯಿಕ್ ಪಂಥ ಕಟ್ಟಿದವನು. ಭಾಳ ಸಂಕೋಚದವನಂತೆ. ಗುರು ಕ್ರೇಟಿಸ್ ಒಂದು ಗಡಿಗೆ ಬೇಳೆ ಸಾರು ಕೊಟ್ಟು, ಊರೊಳಗೆ ಹೊತ್ಕೊಂಡು ನಡಿ ಅಂದ. ಇವನು ಬಟ್ಟೆಯೊಳಗೆ ಬಚ್ಚಿಟ್ಟ. ಗುರು ಕೋಲಿನಿಂದ ಗಡಿಗೆ ಒಡೆದ. ಕಾಲ ಮೇಲೆಲ್ಲ ಸಾರು! ಓಡತೊಡಗಿದವನಿಗೆ ಗುರು ಹೇಳಿದ್ದಿಷ್ಟೇ: ನಿನಗೇನೂ ಆಗಿಲ್ಲ.

ಓದಿ ನಗು ಬಂತು. ಹನ್ನೆರಡನೇ ವಯಸ್ಸಿಗೇ ನಾನಿದನ್ನ ಮಾಡಿದ್ದೆ. ನಮ್ಮೂರ ಮೊಹರಂ ಗೊತ್ತಲ್ಲ? ಹರಕೆ ಹೊತ್ತವರು ಫಕೀರರಾಗ್ತಾರೆ. ಕೊರಳಿಗೆ ಲಾಡಿ, ಮನೆ ಮನೆ ಭಿಕ್ಷೆ. ಹಿಂದೂ, ಮುಸ್ಲಿಂ ಅನ್ನೋ ಲೆಕ್ಕ ಇಲ್ಲ. ನನಗೆ ಜ್ವರ ಬಂದಾಗ ಅವ್ವ ಬೇಡಿಕೊಂಡಿದ್ದಳಂತೆ. ಕ್ಲಾಸ್‌ಮೇಟ್ ಮನೆ ಮುಂದೆ ಜೋಳಿಗೆ ಹಿಡಿದು ನಿಂತೆ. ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಅವನ ಅವ್ವ ಒಂದು ಹಿಡಿ ಜೋಳ ಹಾಕಿ, ನನಗೇ ಕೈ ಮುಗಿದಳು.

ಹರಕೆ ದೇವರಿಗೆ, ಝೀನೋನ ಪಾಠ ಮನಸ್ಸಿಗೆ. ಎರಡೂ ಒಂದೇ ಅಲ್ಲ. ಆದ್ರೆ ಎರಡರಲ್ಲೂ ನಾಚಿಕೆಯ ಎದುರಿಗೆ ಹೋಗಿ ನಿಲ್ಲಬೇಕು.

ಅದಕ್ಕೇ ವಾರಕ್ಕೊಂದು ಅಭ್ಯಾಸ ಶುರು ಮಾಡಿದೆ. ಮದುವೆಗೆ ಹಳೇ ಅಂಗಿ. ಲಿಂಗಸುಗೂರು ಬಸ್ಸಲ್ಲಿ ಫೋನ್ ತೆಗೀದೆ ಪಕ್ಕದವರ ಜೊತೆ ಮಾತು. ಗೊತ್ತಿಲ್ಲದ್ದಕ್ಕೆ ನಾಲ್ಕು ಜನರ ಮುಂದೆ "ನನಗೆ ಗೊತ್ತಿಲ್ರಿ" ಅನ್ನೋದು.

ಒಂದು ಎಚ್ಚರಿಕೆ. ಕೆಲವು ದಿನ ಒರಟು ಬಟ್ಟೆ, ಸಾದಾ ಊಟದಲ್ಲಿ ಇರು ಅಂತ ಬರೆದ ಸೆನೆಕ ದೊಡ್ಡ ಶ್ರೀಮಂತ. ಅವನಿಗೆ ವಾಪಸ್ ಹೋಗೋಕೆ ಬಂಗ್ಲೆ ಇತ್ತು. ಬಸ್‌ಸ್ಟ್ಯಾಂಡಲ್ಲಿ ಕೈ ಚಾಚೋ ಅಜ್ಜಿಗೆ ಇದು ಅಭ್ಯಾಸ ಅಲ್ಲ, ಹೊಟ್ಟೆಪಾಡು. ಅವಮಾನ ಸಹಿಸೋದೂ ಅಭ್ಯಾಸ ಅಲ್ಲ; ನಮ್ಮ ಹಕ್ಕಿನದ್ದನ್ನ ಕೇಳೋ ಧೈರ್ಯಕ್ಕೇ ಈ ಅಭ್ಯಾಸ.

ಏಳನೇ ವಾರ ಫೋನ್ ಮಾಡೇಬಿಟ್ಟೆ. "ಸರ್, ನನ್ನ ದುಡ್ಡು ಬೇಕಿತ್ತು." ಐದು ಸಾವಿರ ಬಂತು. ಉಳಿದದ್ದು ಇನ್ನೂ ಬಾಕಿ, ಮತ್ತೆ ಕೇಳ್ತೀನಿ. ಅಪ್ಪ ಪಕ್ಕದಲ್ಲೇ ಕೂತಿದ್ದ.

"ಸಿಟ್ಟಾದ್ರೇನೋ?"

"ಇಲ್ಲಪ್ಪ."

ಅಷ್ಟು ವರ್ಷ ಅಂಗಡಿಯಲ್ಲಿ ಅವನು ಹೆದರಿದ್ದು ಇದಕ್ಕೇ.

ನೀವು ಯಾವ ಮೆಸೇಜ್ ಅಳಿಸ್ತಿದ್ದೀರಿ? ಇವತ್ತು ಕಳಿಸಿಬಿಡ್ರಿ. ಮುಂದಿನ ವಾರ ಸಿಗೋಣ.