ಅಳಗುಳಿ ಮಣೆಗೆ ದನಿ ಕೊಡಿ

ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಜೋಡಣೆಯಾಗುವ ಒಂದೊಂದು ಐಫೋನಿನಲ್ಲೂ ವಾಯ್ಸ್‌ಓವರ್ ಇರುತ್ತದೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಈ ಸ್ಕ್ರೀನ್ ರೀಡರ್ ಐಫೋನಿಗೆ ಬಂದದ್ದು 2009ರಲ್ಲಿ. ನಮ್ಮೂರಲ್ಲೇ ತಯಾರಾಗುವ ಫೋನಿಗೆ ಮಾತು ಬರುತ್ತದೆ. ಅದರಲ್ಲಿ ನಾವು ಆಡುವ ಆಟಗಳು ಮಾತ್ರ ಬಹುಪಾಲು ಮೂಕ.

ಕಣ್ಣು ಕಾಣದವರಿಗೆ ಕಂಪ್ಯೂಟರ್ ಎಂದೊಡನೆ ನಮಗೆ ನೆನಪಾಗುವುದು ಟೈಪಿಂಗ್, ಪರೀಕ್ಷೆ, ಬ್ಯಾಂಕ್ ಕೆಲಸ. ಆಟವೇಕೆ ನೆನಪಾಗುವುದಿಲ್ಲ? 2012ರಲ್ಲಿ ಬೆಂಗಳೂರಿನಲ್ಲೇ ಅಂಧರ ಟಿ-20 ವಿಶ್ವಕಪ್ ಗೆದ್ದ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಅದೇ ಜಿಲ್ಲೆಯ ಕಿಶನ್ ಗಂಗೊಳ್ಳಿ 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚೆಸ್ ಚಿನ್ನ ತಂದರು. ಇಷ್ಟಾದ ಮೇಲೂ ‘ಪಾಪ, ಅವರಿಗೆ ಆಟ ಯಾಕೆ’ ಎನ್ನುವವರ ಜೊತೆ ವಾದಕ್ಕೆ ಕೂರುವುದು ದಂಡ.

ದೃಷ್ಟಿಯಿಲ್ಲದ ತಮ್ಮ, ತಂಗಿ, ಮೊದಲು ನಿಮಗೊಂದು ಮಾತು. ಆಟವೇ ಮುಖ್ಯವಾದರೆ ವಿಂಡೋಸ್ ಆರಿಸಿಕೊಳ್ಳಿ. ಕಿವಿಯಲ್ಲೇ ಆಡುವ ಆಡಿಯೋ ಗೇಮ್‌ಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅಲ್ಲೇ. ಅದಕ್ಕೆ ಎನ್‌ವಿಡಿಎ ಹಾಕಿಕೊಳ್ಳಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಬರೆಯತೊಡಗಿದ ಸ್ಕ್ರೀನ್ ರೀಡರ್ ಇದು, ಮುಂದೆ ಜೇಮ್ಸ್ ಟೆ ಕೈಜೋಡಿಸಿದರು. ಇಬ್ಬರಿಗೂ ಕಣ್ಣು ಕಾಣದು. ಕಾಸು ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಗಡಸು, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ಮನೆಯಲ್ಲಿ ಮೂಲೆಗೆ ಬಿದ್ದ ಹಳೇ ಯಂತ್ರವಿದ್ದರೆ ಲಿನಕ್ಸ್ ಹಾಕಿ, ಅದರ ಸ್ಕ್ರೀನ್ ರೀಡರ್ ಓರ್ಕಾ ಚಾಲೂ ಮಾಡಿ. ಅಲ್ಲಿ ಆಟ ಕಡಿಮೆ, ಕಲಿಕೆ ಜಾಸ್ತಿ. ಚೆಸ್ ಹುಚ್ಚಿದ್ದರೆ ಲಿಚೆಸ್ ಜಾಲತಾಣದಲ್ಲಿ ಸ್ಕ್ರೀನ್ ರೀಡರ್ ಬಳಸುವವರಿಗೆಂದೇ ಬೇರೆ ವಿಧಾನವಿದೆ, ಅದೂ ಪುಕ್ಕಟೆ.

ಇನ್ನು ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಯಲ್ಲಿ ಕೋಡಿಂಗ್ ಕಲಿಯುತ್ತಿರುವ ನೀವು. ಆಟಗಳು ಮೂಕವಾಗಲು ಕಾರಣ ದೊಡ್ಡದೇನಲ್ಲ. ಗೇಮ್ ಎಂಜಿನ್ ತನ್ನ ಗುಂಡಿ, ಮೆನುಗಳನ್ನು ಬರಿಯ ಚಿತ್ರವಾಗಿ ಬಿಡಿಸಿಬಿಡುತ್ತದೆ. ಸ್ಕ್ರೀನ್ ರೀಡರ್‌ಗೆ ಓದಲು ಅಕ್ಷರವೇ ಸಿಗುವುದಿಲ್ಲ. ಬರೆಯುವವರು ಮನಸ್ಸು ಮಾಡಿದರೆ ಸಿಗುತ್ತದೆ. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಟವನ್ನು ಕಣ್ಣಿಲ್ಲದವರು ಮೊದಲಿಂದ ಕೊನೆಯವರೆಗೆ ಆಡಿ ಮುಗಿಸಿದ್ದಾರೆ. 2023ರ ‘ಫೋರ್ಜಾ ಮೋಟಾರ್‌ಸ್ಪೋರ್ಟ್’ನಲ್ಲಿ ತಿರುವು ಎಲ್ಲಿದೆ, ಬ್ರೇಕ್ ಯಾವಾಗ ಎಂಬುದನ್ನೆಲ್ಲ ಸದ್ದೇ ಹೇಳುತ್ತದೆ.

ಆ ಆಟಗಳನ್ನು ಮಾಡಿದವರಷ್ಟು ದುಡ್ಡು, ಜನ ನಿಮ್ಮಲ್ಲಿಲ್ಲ. ಬೇಕಾಗಿಯೂ ಇಲ್ಲ. ಅಜ್ಜಿಯ ಅಟ್ಟದಿಂದ ಅಳಗುಳಿ ಮಣೆ ಇಳಿಸಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಹುಣಸೆ ಬೀಜ. ಬೆರಳಿಂದ ತಡವಿ ಎಣಿಸುವ ಈ ಆಟಕ್ಕೆ ಕಣ್ಣು ಎಂದೂ ಅಷ್ಟಾಗಿ ಬೇಕಿರಲಿಲ್ಲ. ಪ್ರೋಗ್ರಾಮಿನಲ್ಲಿ ಅದು ಹದಿನಾಲ್ಕು ಅಂಕಿಗಳ ಒಂದು ಪಟ್ಟಿ, ಅಷ್ಟೆ. ಬಾಣದ ಕೀಲಿ ಒತ್ತಿದರೆ ‘ಮೂರನೇ ಗುಳಿ, ಐದು ಬೀಜ’ ಎಂದು ಕನ್ನಡದಲ್ಲಿ ಹೇಳಲಿ. ಎಡಗಡೆಯ ಗುಳಿಯ ಸದ್ದು ಎಡಗಿವಿಗೆ, ಬಲಗಡೆಯದು ಬಲಗಿವಿಗೆ ಬರಲಿ. ಬೀಜ ಬೀಳುವ ಟಕಟಕವನ್ನು ನಿಮ್ಮ ಫೋನಿನಲ್ಲೇ ರೆಕಾರ್ಡ್ ಮಾಡಿ. ಅಕ್ಷರಕ್ಕೆ ಯೂನಿಕೋಡನ್ನೇ ಬಳಸಿ. ಹಳೇ ನುಡಿ ಫಾಂಟಿನ ಕನ್ನಡ ಸ್ಕ್ರೀನ್ ರೀಡರ್ ಬಾಯಲ್ಲಿ ಅರ್ಥವಿಲ್ಲದ ಗೊಣಗಾಟವಾಗುತ್ತದೆ.

ಒಂದು ಬೇಸಿಗೆ ರಜೆ ಸಾಕು. ಸಿದ್ಧವಾಗುವವರೆಗೂ ಕಾಯಬೇಡಿ, ಅರೆಬರೆ ಇದ್ದಾಗಲೇ ಕಣ್ಣು ಕಾಣದ ಗೆಳೆಯರ ಕೈಗೆ ಕೊಡಿ. ‘ಈ ಕೀಲಿ ಇಲ್ಲಿ ಯಾಕಿಟ್ಟೆ ಮಾರಾಯ’ ಎಂದು ಅವರು ಬೈದರೆ ಬರೆದಿಟ್ಟುಕೊಂಡು ಅಂದೇ ಬದಲಿಸಿ. ಮಾಡಿದ್ದನ್ನು ಮೂಲ ಕೋಡ್ ಸಮೇತ ಹಂಚಿ. ಹುಲಿಕಟ್ಟು, ಚೌಕಾಬಾರ ಇನ್ನೂ ಸಾಲಿನಲ್ಲಿವೆ.