ಕೌದಿಗೆ ಎಷ್ಟು ಬೆಲೆ? ಚಿಗವ್ವನ ಹತ್ರ ಕಲಿತ ಲೆಕ್ಕ

ನಾನು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಊರು ಧಾರವಾಡದ ಹತ್ರ ಒಂದು ಹಳ್ಳಿ. ಇವತ್ತು ಕೋಡಿಂಗ್ ಬಗ್ಗೆ ಮಾತಾಡಲ್ಲ, ಕೌದಿ ಬಗ್ಗೆ ಮಾತಾಡ್ತೀನಿ.

ಉತ್ತರ ಕರ್ನಾಟಕದವರಿಗೆ ಕೌದಿ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ. ಮನೆಯಲ್ಲಿ ಉಟ್ಟು ಬಿಟ್ಟ ಇಳಕಲ್ ಸೀರೆ, ಧೋತರ, ಮಕ್ಕಳ ಅಂಗಿ, ಇವನ್ನೆಲ್ಲ ಪದರ ಪದರವಾಗಿ ಇಟ್ಟು ಕೈಯಿಂದ ಸಾಲು ಸಾಲಾಗಿ ಹೊಲಿದ ಹೊದಿಕೆ. ಹಾಸಬಹುದು, ಹೊದೀಬಹುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಈಗ ಹೊರಗಿನವರಿಗೂ ಗೊತ್ತು. ನಮ್ಮ ಮನೆಯಲ್ಲಿ ಹೊಲಿಯೋದು ಚಿಗವ್ವ, ಅಂದ್ರೆ ಅವ್ವನ ತಂಗಿ.

2021ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದೆ. ಚಿಗವ್ವನ ಟ್ರಂಕಿನಲ್ಲಿ ಐದು ಕೌದಿ ಸುಮ್ಮನೆ ಬಿದ್ದಿದ್ವು. "ಇದನ್ನ ಆನ್‌ಲೈನ್ ಮಾರಿಕೊಡ್ತೀನಿ ನೋಡು" ಅಂದೆ. ಮೊಬೈಲಲ್ಲಿ ಫೋಟೋ ತೆಗೆದೆ, ನನ್ನ ಹೆಸರಲ್ಲಿ ಸೆಲ್ಲರ್ ಅಕೌಂಟ್ ತೆರೆದೆ, ನನ್ನ ಬ್ಯಾಂಕ್ ಖಾತೆ ಕೊಟ್ಟೆ. ಬೆಲೆ ಎಷ್ಟಿಡೋದು? ಅಲ್ಲೇ ಮಷೀನ್ ಹೊಲಿಗೆಯ ರಜಾಯಿಗಳ ಬೆಲೆ ನೋಡಿ 1,500 ಅಂತ ಹಾಕಿದೆ. ಎರಡು ವಾರದಲ್ಲಿ ಐದೂ ಖಾಲಿ! ನಾನಂತೂ ದೊಡ್ಡ ಸ್ಟಾರ್ಟಪ್ ಫೌಂಡರ್ ಥರ ಓಡಾಡಿದೆ.

ಐದನೇದು ವಾಪಸ್ ಬಂತು. ಕಾರಣ: "ಹೊಲಿಗೆ ಸಮ ಇಲ್ಲ, ಬಟ್ಟೆ ಹಳೇದು." ದುಡ್ಡು ಗಿರಾಕಿಗೆ ಹೋಯ್ತು, ಹೋಗಿ ಬಂದ ಕೊರಿಯರ್ ಖರ್ಚು ನನಗೆ ಬಿತ್ತು. ಅದು ಹೋಗ್ಲಿ. ಚಿಗವ್ವ ಆ ಪಾರ್ಸೆಲ್ ಬಿಚ್ಚಿ ತೊಡೆ ಮೇಲೆ ಹಾಕ್ಕೊಂಡು ಬೆರಳಿಂದ ಸಾಲು ಸವರ್‍ತಾ ಕೇಳಿದಳು: "ಹೊಲಿಗಿ ಸೊಟ್ಟ ಐತಿ ಅಂದಾರೇನು ತಮ್ಮಾ? ತಾ, ಬಿಚ್ಚಿ ಮತ್ತ ಹಾಕ್ತೀನಿ."

ಅವತ್ತು ಮೊದಲ ಸಲ ಕೇಳಿದೆ, ಒಂದು ಕೌದಿಗೆ ಎಷ್ಟು ದಿನ ಬೇಕು ಅಂತ. ಮಧ್ಯಾಹ್ನ ಮೂರು ತಾಸು, ಇಪ್ಪತ್ತು ದಿನ. ಅರವತ್ತು ತಾಸು.

ಈಗ ಲೆಕ್ಕ ನೋಡಿ. ಮಾರಿದ್ದು 1,500. ಕಮಿಷನ್, ಫೀ ಅಂತ 210 ಹೋಯ್ತು, ಸಾಗಣೆಗೆ 480. ಉಳಿದದ್ದು 810. ದಾರಕ್ಕೆ, ಅಸ್ತರಿನ ಬಟ್ಟೆಗೆ 210. ಕೊನೆಗೆ 600. ಅರವತ್ತು ತಾಸಿಗೆ ಭಾಗಿಸಿದರೆ ತಾಸಿಗೆ 10 ರೂಪಾಯಿ. ಚಿಗವ್ವ ಲೆಕ್ಕ ಕೇಳಿ ನಕ್ಕಳು: "ಕಳೆ ತಗ್ಯಾಕ ಹೋದ್ರ ಆರು ತಾಸಿಗೆ ಮುನ್ನೂರು ಕೊಡ್ತಾರಲ್ಲೋ!" ಅಂದ್ರೆ ತಾಸಿಗೆ 50. ನಾನು ಅವಳಿಗೆ ಉಪಕಾರ ಮಾಡ್ತಿದ್ದೀನಿ ಅನ್ಕೊಂಡಿದ್ದೆ, ಕೊಡಿಸಿದ್ದು ಹೊಲದ ಕೂಲಿಯ ಐದನೇ ಒಂದು ಪಾಲು.

ನಾವು ಆಫೀಸಲ್ಲಿ ಏನು ಮಾಡ್ತೀವಿ? ಅರ್ಧ ತಾಸಿನ ಕೆಲಸವನ್ನೂ ಟೈಮ್‌ಶೀಟಲ್ಲಿ ಬರೀತೀವಿ, ಗಿರಾಕಿಗೆ ಬಿಲ್ ಮಾಡ್ತೀವಿ. ಮನೆಯ ಹೆಣ್ಣುಮಕ್ಕಳ ಕೈಕೆಲಸ ಬಂದಾಗ ಮಾತ್ರ "ಹೆಂಗೂ ಖಾಲಿ ಕೂತಿರ್‍ತಾರೆ, ಬಟ್ಟೆ ಹೆಂಗೂ ಹಳೇದು" ಅಂತೀವಿ. ನನ್ನ ಇಡೀ ತಪ್ಪು ಈ "ಹೆಂಗೂ" ಅನ್ನೋದರಲ್ಲೇ ಇತ್ತು.

ಆಮೇಲೆ ನಾವಿಬ್ರೂ ಕೂತು ಸರಿ ಮಾಡಿಕೊಂಡ ನಾಲ್ಕು ವಿಷಯ ಹೇಳ್ತೀನಿ. ನಿಮ್ಮ ಮನೆಯಲ್ಲಿ ಕಸೂತಿ, ಕ್ರೋಶಾ, ಉಳಿದ ಖಣದ ತುಂಡಿನ ಪರ್ಸು, ಏನೇ ಮಾಡುವವರಿದ್ದರೂ ಇದು ಉಪಯೋಗಕ್ಕೆ ಬರುತ್ತೆ.

ಒಂದು, ಬೆಲೆಯನ್ನ ಪಕ್ಕದ ಅಂಗಡಿ ನೋಡಿ ಇಡಬೇಡಿ, ತಾಸಿನಿಂದ ಶುರು ಮಾಡಿ. ನಮ್ಮ ಕೌದಿಗೆ ತಾಸಿಗೆ 50ರಂತೆ ಕೂಲಿಯೇ 3,000. ಎಲ್ಲ ಸೇರಿ ಬೆಲೆ 4,100ರ ಹತ್ರ ಬಂತು.

ಎರಡು, ಸಾಗಣೆ. ಕೌದಿ ತೂಕ ಮೂರೇ ಕಿಲೋ. ಆದ್ರೆ ಕೊರಿಯರ್‌ನವರು ಡಬ್ಬಿಯ ಗಾತ್ರವನ್ನೂ ತೂಕಕ್ಕೆ ಹಿಡೀತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸೋದು ಸಾಮಾನ್ಯ ಪದ್ಧತಿ. 50, 40, 20ರ ಡಬ್ಬಿ ಅಂದ್ರೆ 8 ಕಿಲೋ! ಗಾಳಿ ಎಳೆಯುವ ಚೀಲದಲ್ಲಿ ಹಾಕಿ ಎತ್ತರ 10ಕ್ಕೆ ಇಳಿಸಿದ್ವಿ, 4 ಕಿಲೋ ಆಯ್ತು. ಇಂಜಿನಿಯರ್ ಆಗಿದ್ದಕ್ಕೆ ಅಷ್ಟಾದ್ರೂ ಪ್ರಯೋಜನ.

ಮೂರು, ಕಾಗದಪತ್ರ. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆ, ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಮಾತ್ರ ತಗೊಂಡು, ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರಬಹುದು. ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷದ ಒಳಗಿರಬೇಕು. ಆದ್ರೆ ಅದು ತಮ್ಮ ರಾಜ್ಯದೊಳಗೆ ಮಾತ್ರ. ಧಾರವಾಡದಿಂದ ಪುಣೆಗೆ ಅದೇ ದಾರಿಯಲ್ಲಿ ಕಳಿಸ್ತೀವಿ ಅಂದ್ರೆ ನೋಂದಣಿ ಬೇಕು, ಮಾರಾಟ ಇಲ್ಲದಿದ್ರೂ ರಿಟರ್ನ್ ಹಾಕಬೇಕು. ವಿದೇಶದ ಗಿರಾಕಿ ಬೇಕು ಅಂತ ಎಟ್ಸಿಗೆ ಹೋದ್ರೆ, ಒಂದು ವಸ್ತು ಪಟ್ಟಿಗೆ ಹಾಕೋಕೆ 20 ಸೆಂಟ್, ನಾಲ್ಕು ತಿಂಗಳಿಗೆ. ಮಾರಾಟವಾದ್ರೆ ಅದರ ಮೇಲೆ ಶೇ. 6.5, ಪೇಮೆಂಟ್ ಫೀ ಬೇರೆ. ಶುರು ಮಾಡೋ ಮೊದಲು ಒಬ್ಬ ಆಡಿಟರನ್ನ ಕೇಳಿ.

ನಾಲ್ಕು, ಹೆಸರು. ಅಕೌಂಟ್, ಬ್ಯಾಂಕ್ ಖಾತೆ ಎರಡೂ ಮಾಡುವವರ ಹೆಸರಲ್ಲೇ ಇರಲಿ. ನಮ್ಮ ಕಂಪನಿಗಳಲ್ಲಿ ಬೇರೆ ವ್ಯಾಪಾರ ಮಾಡೋದಕ್ಕೆ ನಿರ್ಬಂಧ ಇರಬಹುದು, ಅದೊಂದು ಕಾರಣ. ದೊಡ್ಡ ಕಾರಣ ಬೇರೆ. ದುಡ್ಡು ಬಂದ ಮೆಸೇಜ್ ಈಗ ಚಿಗವ್ವನ ಫೋನಿಗೆ ಬರುತ್ತೆ. ಅವಳು ಓದೋಕೆ ಮೊಮ್ಮಗಳನ್ನ ಕೂಗ್ತಾಳೆ, ಎರಡು ಸಲ ಓದಿಸ್ತಾಳೆ.

ಹಾಗಾದ್ರೆ 4,100ಕ್ಕೆ ಕೌದಿ ಮಾರಾಟ ಆಯ್ತಾ? ಇಲ್ಲ. ಮೂರು ತಿಂಗಳು ಒಂದೂ ಹೋಗಲಿಲ್ಲ. ನಿಜ ಹೇಳಬೇಕಲ್ಲ. ಆಗ ಆನ್‌ಲೈನಿಗೆ ಕೂಸಿನ ಕೌದಿ ಮಾತ್ರ ಇಟ್ವಿ. ಹನ್ನೆರಡು ತಾಸಿನ ಕೆಲಸ, ಬೆಲೆ 900. ವಿವರಣೆಯ ಮೊದಲ ಸಾಲಲ್ಲೇ "ಉಟ್ಟು ಒಗೆದ ಹತ್ತಿ ಸೀರೆಗಳಿಂದ ಕೈಯಲ್ಲಿ ಹೊಲಿದದ್ದು, ಸಾಲು ಸ್ವಲ್ಪ ಓರೆ ಇರುತ್ತೆ" ಅಂತ ಬರೆದ್ವಿ. ನಿಧಾನಕ್ಕೆ ಹೋಗ್ತಿವೆ, ಇಲ್ಲಿವರೆಗೆ ಒಂದೂ ವಾಪಸ್ ಬಂದಿಲ್ಲ.

ದೊಡ್ಡ ಕೌದಿಗೆ ದಾರಿ ತೋರಿಸಿದ್ದು ನಮ್ಮ ಸೊಸೈಟಿಯ ಒಬ್ಬ ಕನ್ನಡತಿ. "ನಮ್ಮ ತಾಯಿ ಹೋಗಿ ಎರಡು ವರ್ಷ ಆಯ್ತು. ಅವರ ಸೀರೆ ಕಪಾಟಲ್ಲೇ ಇವೆ. ಉಡೋಕಾಗಲ್ಲ, ಯಾರಿಗಾದ್ರೂ ಕೊಡೋಕೂ ಮನಸ್ಸಿಲ್ಲ. ಅವನ್ನೇ ಹೊಲಿದುಕೊಡ್ತಾರಾ?" ಅಂದರು. ಆರು ಸೀರೆ ಊರಿಗೆ ಹೋದವು. ಒಂದು ರೇಷ್ಮೆ ಇತ್ತು. "ರೇಷ್ಮಿ ಕೌದಿಗೆ ಬ್ಯಾಡ, ಅದು ಅವ್ರ ಹಂತ್ಯಾಕ ಇರ್‍ಲಿ" ಅಂತ ಚಿಗವ್ವ ವಾಪಸ್ ಕಳಿಸಿದಳು. ಇಪ್ಪತ್ತೆಂಟು ದಿನಕ್ಕೆ ಕೌದಿ ಬಂತು. ಅವರು ಕೂಲಿ ಚೌಕಾಸಿ ಮಾಡಲಿಲ್ಲ. ಹೊಲಿಗೆ ಸೊಟ್ಟ ಅಂತಲೂ ಅನ್ನಲಿಲ್ಲ.

ಈಗ ತಿಂಗಳಿಗೆ ಒಂದು ದೊಡ್ಡ ಕೌದಿ. ಅದಕ್ಕಿಂತ ಹೆಚ್ಚು ಚಿಗವ್ವನ ಕಣ್ಣಿಗೆ ಆಗಲ್ಲ, ಅವಳೇ ಹೇಳಿದ ಮಿತಿ ಅದು. "ಸ್ಕೇಲ್ ಮಾಡೋಣ" ಅನ್ನೋ ಮಾತು ನಾನು ಎತ್ತಲ್ಲ.

ವಾಪಸ್ ಬಂದ ಆ ಐದನೇ ಕೌದಿ ಈಗ ಪುಣೆಯಲ್ಲಿ ನನ್ನ ಹತ್ರ ಇದೆ. ಬಿಚ್ಚಿ ಹೊಲಿಯೋಕೆ ನಾನು ಬಿಡಲಿಲ್ಲ. ಚಳಿಗಾಲದಲ್ಲಿ ಹೊದೀತೀನಿ. ನೀವೂ ಈ ಸಲ ಊರಿಗೆ ಹೋದಾಗ ಫೋಟೋ ತೆಗೆಯೋ ಮೊದಲು ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ: ಇದಕ್ಕೆ ಎಷ್ಟು ತಾಸು ಹಿಡೀತು?