ಬೆಂಗಳೂರು ನೋಡಹೊರಟ ಮಕ್ಕಳು



ಮಧುವನಹಳ್ಳಿಯ ಮಕ್ಕಳು ಒಂದು ದಿನದ ಪ್ರವಾಸಕ್ಕೆ ಬೆಂಗಳೂರಿಗೆ ಹೋದರೆ ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧಗಳನ್ನು ಸಂಜೆಯೊಳಗೆ ಸುತ್ತಿ ಮುಗಿಸುತ್ತಾರೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮೇಲೆ ಫೋಟೋ ತೆಗೆಸಿಕೊಂಡರೆ ಆಯಿತು! ಬಾಯಾರಿ ನಲ್ಲಿ ತಿರುಗಿಸಿದಾಗ ಬರುವ ನೀರನ್ನು ಮಾತ್ರ ಯಾರೂ ಗುರುತಿಸುವುದಿಲ್ಲ. ಅದು ಹೆಚ್ಚಾಗಿ ಅವರ ಸೀಮೆಯ ಕಾವೇರಿಯೇ. ಬಿಳಿಗಿರಿರಂಗನ ಬೆಟ್ಟದ ತೊರೆಗಳನ್ನು ಕೂಡಿಕೊಂಡ ಸುವರ್ಣಾವತಿಯೂ ಕೊಳ್ಳೇಗಾಲದ ಬಳಿ ಅದನ್ನೇ ಸೇರುತ್ತದೆ. ಶಿವನಸಮುದ್ರದ ಮೇಲ್ಭಾಗದಲ್ಲಿ ಪಡೆದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಮೂರು ಹಂತಗಳ ಪಂಪುಗಳಿಂದ ಅರ್ಧ ಕಿಲೋಮೀಟರಿನಷ್ಟು ಮೇಲೇರಿ, ಸುಮಾರು 100 ಕಿಲೋಮೀಟರ್ ಸಾಗಿ ನಗರ ಮುಟ್ಟುತ್ತದೆ. 1905ರಲ್ಲಿ ಅಲ್ಲಿನ ಬೀದಿದೀಪಗಳು ಬೆಳಗಿದ್ದೂ ಶಿವನಸಮುದ್ರದ ವಿದ್ಯುತ್ತಿನಿಂದಲೇ. ಬೆಟ್ಟದ ಕಾಡು ಬೋಳಾದರೆ ತೊರೆ ಮೊದಲು ಬತ್ತುವುದು ಇಲ್ಲಿ; ನಗರಕ್ಕೆ ಅದು ತಿಳಿಯುವುದು ತಡವಾಗಿ. ಮುಂದಿನ ಪ್ರವಾಸದ ಬಸ್ಸು ಮೊದಲು ತೊರೆಕಾಡನಹಳ್ಳಿಯಲ್ಲಿ ನಿಲ್ಲಲಿ. ಲಾಲ್‌ಬಾಗನ್ನು ಮಧ್ಯಾಹ್ನ ನೋಡಬಹುದು.